ಸೂರಿನ ನೀರು

ಬೋಳುಬಂಡೆಯ ಮೇಲಿನ ಆ ಆಶ್ರಮಕ್ಕೆ ಬಾವಿಯಿರಲಿಲ್ಲ. ಹೆಂಚಿನ ಮೇಲೆ ಬಿದ್ದ ಮಳೆ ಕೊಳವೆಯಲ್ಲಿಳಿದು ಕಲ್ಲಿನ ತೊಟ್ಟಿ ಸೇರಬೇಕು. ವರ್ಷವಿಡೀ ಕುಡಿಯಲು ಅದೇ ನೀರು. ಬೇಸಿಗೆಯಲ್ಲಿ ಕೆಳಗಿನ ಹಟ್ಟಿಯವರೂ ಅಲ್ಲಿಗೇ ಬರುತ್ತಿದ್ದರು.

ತೊಟ್ಟಿಯ ಹೊಣೆ ಶಿಷ್ಯ ಮಾದಯ್ಯನದು.

"ಮೊದಲ ಮಳೆಯನ್ನು ಹೊರಗೆ ಬಿಡು. ಹೆಂಚು ತೊಳೆದುಹೋದ ಮೇಲೆ ಕೊಳವೆ ತಿರುಗಿಸು," ಎಂದು ಗುರು ನಿರ್ವಾಣಯ್ಯನವರು ಹೇಳಿದ್ದರು.

ಆ ವರ್ಷ ಮಳೆ ತಡವಾಯಿತು. ತೊಟ್ಟಿಯಲ್ಲಿ ಮೊಣಕಾಲುದ್ದ ನೀರು ಉಳಿದಿದ್ದಾಗ, ಒಂದು ಮಧ್ಯಾಹ್ನ ದಪ್ಪ ಹನಿ ಬಿತ್ತು. ಕಣ್ಣೆದುರೇ ನೀರು ಬಂಡೆಗುಂಟ ಹರಿದುಹೋಗುವುದನ್ನು ಮಾದಯ್ಯನಿಗೆ ನೋಡಲಾಗಲಿಲ್ಲ. ಕೊಳವೆಯನ್ನು ತೊಟ್ಟಿಗೆ ತಿರುಗಿಸಿಬಿಟ್ಟ.

ಅರ್ಧ ಗಂಟೆಯಲ್ಲಿ ಮಳೆ ನಿಂತಿತು.

ಬೆಳಿಗ್ಗೆ ಮುಚ್ಚಳ ತೆಗೆದರೆ ಪಾರಿವಾಳದ ಹಿಕ್ಕೆಯ ನಾತ. ಇದ್ದ ಒಳ್ಳೆಯ ನೀರೂ ಕೆಟ್ಟಿತ್ತು. ಯಾರಿಗೂ ಹೇಳದೆ ಒಂದು ಹಿಡಿ ಲಾವಂಚದ ಬೇರು ತಂದು ನೀರಿಗೆ ಹಾಕಿದ.

ಅದೇ ನೀರನ್ನು ಲೋಟದಲ್ಲಿ ಗುರುಗಳಿಗೆ ಕೊಟ್ಟ. ಅವರು ಒಂದು ಗುಟುಕು ಕುಡಿದರು.

"ಲಾವಂಚ ಹಾಕಿದೀಯಾ?"

"ಹೌದು ಬುದ್ಧಿ. ತಂಪಾಗಿರಲಿ ಅಂತ."

ಗುರುಗಳು ಅವನ ಮುಖವನ್ನೇ ನೋಡಿದರು. ಲೋಟ ಎತ್ತಿ ಪೂರ್ತಿ ಕುಡಿದರು.

ಅಷ್ಟರಲ್ಲಿ ಹಟ್ಟಿಯ ಕೆಂಪಮ್ಮ ಬಿಂದಿಗೆ ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದಳು.

"ಮಗಳಿಗೆ ಹೆರಿಗೆಯಾಗಿ ಮೂರು ದಿನ, ಅಯ್ಯನೋರೆ. ಒಂದು ಬಿಂದಿಗೆ ನೀರು ಕೊಡಿ."

ಮಾದಯ್ಯ ಬಿಂದಿಗೆ ತುಂಬಿದ. ಅವಳ ಸೊಂಟಕ್ಕೆ ಎತ್ತಿಯೂ ಕೊಟ್ಟ. ಆದರೆ ಬಿಂದಿಗೆಯ ಕಂಠ ಹಿಡಿದ ಕೈ ಬಿಡಲೇ ಇಲ್ಲ.

"ಬಿಡಿ, ಅಯ್ಯನೋರೆ. ಹೊತ್ತಾಯ್ತು."

"ಬೇಡ ತಾಯಿ! ಇದು ಕೆಟ್ಟ ನೀರು. ಕೆಡಿಸಿದವನು ನಾನೇ. ನಾತ ಮುಚ್ಚೋಕೆ ಬೇರು ಹಾಕಿದೆ. ಬುದ್ಧಿಯವರಿಗೂ ಇದನ್ನೇ ಕುಡಿಸಿದೆ."

ಕೆಂಪಮ್ಮ ಬಿಂದಿಗೆ ಕೆಳಗಿಳಿಸಿದಳು.

ಗುರುಗಳು ಎದ್ದು ಬಿಂದಿಗೆಯ ನೀರನ್ನು ಚೆಲ್ಲಿ, ತೊಳೆಸಿದರು. ತಮ್ಮ ಕೋಣೆಯ ಗಡಿಗೆಯಲ್ಲಿ ಮಳೆಗೆ ಮೊದಲೇ ತುಂಬಿಟ್ಟಿದ್ದ ನೀರನ್ನೆಲ್ಲ ಅದಕ್ಕೆ ಸುರಿದರು. "ಕುದಿಸಿ, ಆರಿಸಿ ಕೊಡಮ್ಮ," ಎಂದರು.

ಆಮೇಲೆ ಗುರುಶಿಷ್ಯರಿಬ್ಬರೂ ಸೇರಿ ತೊಟ್ಟಿಯ ನೀರನ್ನು ಮೊಗೆಮೊಗೆದು ನುಗ್ಗೆಗಿಡಗಳ ಬುಡಕ್ಕೆ ಹೊಯ್ದರು. ಸಂಜೆಗೆ ತಳ ಕಂಡಿತು. ಮಾದಯ್ಯ ಒಳಗಿಳಿದು ಕಲ್ಲನ್ನು ಉಜ್ಜಿ ತೊಳೆದ.

"ನಾಳೆ ಜನ ಬಂದರೆ ಏನು ಕೊಡಲಿ, ಬುದ್ಧಿ?"

"ನೀರಿಲ್ಲ ಅಂತ ಹೇಳು. ಯಾಕಿಲ್ಲ ಅಂತಲೂ ಹೇಳು."

ಮಾದಯ್ಯ ತೊಟ್ಟಿಯೊಳಗೆ ನಿಂತೇ ತಲೆಯೆತ್ತಿ ಕೇಳಿದ:

"ಒಂದೇ ಗುಟುಕಿಗೆ ನಿಮಗೆ ಗೊತ್ತಾಗಿರಬೇಕು. ಆದರೂ ಯಾಕೆ ಪೂರ್ತಿ ಕುಡಿದಿರಿ?"

ಗುರುಗಳು ಅವನನ್ನು ಮೇಲೆತ್ತಿಕೊಳ್ಳಲು ಕೈ ಚಾಚಿದರು.

"ನೀನು ಕೊಟ್ಟೆಯಲ್ಲಪ್ಪ."