ಕೋತಿಯ ನೆಂಟನ ತರ್ಪಣ

ಇದು ನಡೆದ ನದಿಯ ಹೆಸರು ಕೇಳಬೇಡಿ. ಕೇಳಿದವರಿಗೆಲ್ಲ ಒಂದೊಂದು ಹೆಸರು ಹೇಳಿ ಈಗ ನನಗೇ ಗೊಂದಲ. ದಡದಲ್ಲೊಂದು ಆಶ್ರಮ, ಅಲ್ಲೊಬ್ಬ ಗುರುಗಳು ಇದ್ದದ್ದಂತೂ ನಿಜ.

ಆ ಬೆಳಿಗ್ಗೆ ಶಿಷ್ಯ ಸೀತಾಪತಿ, ಅಪ್ಪನ ವರ್ಷದ ತಿಥಿಗೆಂದು, ಎಳ್ಳುನೀರು ಬಿಡಲು ಕೂತಿದ್ದ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ತಮ್ಮ ಪ್ರಹ್ಲಾದ ಒದ್ದೆ ಪಂಚೆಯಲ್ಲಿ ಮೇಲಿನ ಮೆಟ್ಟಿಲಲ್ಲೇ ನಿಂತಿದ್ದ. ಅಣ್ಣ ಅವನನ್ನು ಪಕ್ಕಕ್ಕೆ ಬಿಟ್ಟುಕೊಂಡಿರಲಿಲ್ಲ.

“ಏನಯ್ಯಾ ಗಲಾಟೆ?” ಗುರುಗಳು ಕೇಳಿದರು.

“ನಮ್ಮ ಪೂರ್ವಜರು ಕೋತಿಗಳು ಅಂತ ಪಾಠ ಮಾಡ್ತಾನೆ ಸ್ವಾಮಿ!”

“ಕೋತಿ ಅನ್ನಲಿಲ್ಲ ಅಣ್ಣ. ಕೋತಿಗೂ ನಮಗೂ ಒಬ್ಬನೇ ಮುತ್ತಾತ ಅಂದೆ.”

“ಕೇಳಿದಿರಾ? ನೆಂಟಸ್ತನ ಬೇರೆ!”

ಗುರುಗಳು ಮೆಟ್ಟಿಲ ಮೇಲೆ ಕೂತರು. “ನಿಮ್ಮ ವಂಶದ ಮೂಲಪುರುಷ ಯಾರು ಸೀತಾಪತಿ?”

“ಕಶ್ಯಪ ಮಹರ್ಷಿಗಳು.” ಎದೆ ಸ್ವಲ್ಪ ಉಬ್ಬಿತು.

“ಹಾವುಗಳ ಅಪ್ಪ ಯಾರು?”

ಸೀತಾಪತಿ ಗಂಟಲು ಸರಿಮಾಡಿಕೊಂಡ. “ಪುರಾಣದ ಪ್ರಕಾರ... ಅವರೇ.”

“ಗರುಡನ ಅಪ್ಪ?”

“ಅವರೇ.”

ಮೇಲಿನಿಂದ ಕಿಸಕ್ಕನೆ ನಗು ಬಂತು.

“ನಗಬೇಡ ಮೇಷ್ಟ್ರೇ,” ಗುರುಗಳು ತಿರುಗಿದರು. “ಈ ನೀರು ಯಾರಿಗಾದರೂ ತಲುಪುತ್ತೆ ಅಂತ ನಂಬಿದ್ದೀಯಾ?”

“ಇಲ್ಲ.”

“ಮತ್ಯಾಕೆ ಬಂದೆ?”

ಪ್ರಹ್ಲಾದ ಪಂಚೆಯ ಅಂಚು ಹಿಂಡಿದ. “ಇವತ್ತು ಬೇರೆಲ್ಲೂ ಇರೋಕೆ ಆಗಲಿಲ್ಲ.”

“ನೋಡಿ ಸ್ವಾಮಿ!” ಸೀತಾಪತಿ ಎದ್ದೇಬಿಟ್ಟ. “ಪುರಾಣದ ಮಾತು ಹಾಗಿರಲಿ. ನಂಬಿಕೆಯಿಲ್ಲದ ಕೈ ಇದು. ಇವನು ಬಿಟ್ಟ ನೀರು ಅಪ್ಪ ಮುಟ್ಟಲ್ಲ.”

“ಅಪ್ಪ ಹಾಸಿಗೆ ಹಿಡಿದಾಗ ನೀರು ಕುಡಿಸ್ತಿದ್ದವರು ಯಾರು?”

ಸೀತಾಪತಿ ಎಳ್ಳಿನ ಬಟ್ಟಲನ್ನು ನೋಡಿದ.

“ಇವನೇ. ಚಮಚದಲ್ಲಿ. ನಾನು ಹೋದರೆ ಬಾಯಿ ತೆರೀತಿರಲಿಲ್ಲ.”

“ಆಗಲೂ ಇವನದು ಇದೇ ಪಾಠವಾ?”

“ಇದೇ. ಅಪ್ಪನ ಮಂಚದ ಪಕ್ಕ ಕೂತು ಅವರಿಗೂ ಹೇಳ್ತಿದ್ದ. ಅಪ್ಪ ಬಾಯಿಗೆ ಬಂದ ಹಾಗೆ ಬೈತಿದ್ರು.”

“ನೀರು?”

“ಬೈತಾ ಬೈತಾನೇ... ಕುಡೀತಿದ್ರು.”

ಗುರುಗಳು ಎಳ್ಳಿನ ಬಟ್ಟಲನ್ನು ಇಬ್ಬರ ನಡುವೆ ಇಟ್ಟರು.

“ಸರಿದು ಕೂರು ಸೀತಾಪತಿ. ಬೈಯೋದಿದ್ದರೆ ಅವರೇ ಬೈಯಲಿ.”