ಬಿಡಿಚೀಟಿ

ಕುಂದಾಪುರದಲ್ಲಿ ಹೆಂಡತಿಯನ್ನು ಬಿಟ್ಟು ಕೆಲಸಕ್ಕೆ ಬಂದಿದ್ದ ಅಡುಗೆಯವನಿಗೆ ಮೈಸೂರಿನ ಪುಟ್ಟರಾಜೇ ಅರಸರು ವರ್ಷದಿಂದ ರಜೆ ಕೊಟ್ಟಿರಲಿಲ್ಲ. ಅರಸರಿಗೆ ಹಳೇ ಅಮೆರಿಕದ ಅಂಚೆಚೀಟಿಗಳ ಹುಚ್ಚು. ಅಲ್ಲಿ ಮನೆಮನೆಗೆ ಕಾಗದ ಹಂಚುತ್ತಿದ್ದ ಖಾಸಗಿ ಅಂಚೆಯವರ ಚೀಟಿಯೊಂದು, ಲಕೋಟೆಯ ಮೇಲೆ ಅಂಟಿದ್ದು ಅಂಟಿದಂತೆ, ಅವರಿಗೆ ಸಿಕ್ಕಿತ್ತು. ಅದನ್ನು ನೋಡಲು ಬಂದ ಗೆಳೆಯ ತನ್ನದೊಂದು ಬಿಡಿಚೀಟಿ ತೋರಿಸಿದ.

ಅರಸರು ನಕ್ಕರು. “ಲಕೋಟೆಯಿಂದ ಕಿತ್ತಮೇಲೆ ಅದಕ್ಕೇನಯ್ಯ ಬೆಲೆ?”

ಕೇಳಿಸಿಕೊಂಡ ಅಡುಗೆಯವನು ಅಂದು ಉಪ್ಪಿಲ್ಲದ ಸಾರು ಬಡಿಸಿದ.

“ನಿನ್ನ ಕೈರುಚಿ ಎಲ್ಲಿ ಹೋಯ್ತೋ?” ಅರಸರು ಗದರಿದರು.

“ನಾನೂ ಬಿಡಿಚೀಟಿ, ಸ್ವಾಮಿ. ನನ್ನ ಲಕೋಟೆ ಕುಂದಾಪುರದಲ್ಲಿದೆ.”

ಗೆಳೆಯ ನಕ್ಕ. ಅರಸರು ನಗಲಿಲ್ಲ. ಗೋಡೆಯ ಮೇಲಿದ್ದ ತೀರಿಹೋದ ಹೆಂಡತಿಯ ಪಟ ನೋಡುತ್ತ ಸಪ್ಪೆ ಸಾರನ್ನೇ ಉಂಡು ಎದ್ದರು.

“ನಾಳೆ ಹೊರಡು,” ಅಂದರು. “ಬರುವಾಗ ಲಕೋಟೆಯ ಸಮೇತ ಬಾ.”