ಸಾರು ನೋಡುವ ಶಾಸ್ತ್ರ

"ನಿನ್ನೆಯ ಪತ್ರಿಕೆ ಇವತ್ತು ಬಜ್ಜಿ ಕಟ್ಟುವ ಕಾಗದ. ಅದರಲ್ಲಿ ಬಂದ ಒಂದು ಸುಳ್ಳಿಗೆ ಮನುಷ್ಯ ಇಷ್ಟೇಕೆ ಹೆದರಬೇಕು, ಗುರುಗಳೇ?" ಎಂದು ಒಬ್ಬ ಶಿಷ್ಯ ಕೇಳಿದ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಮದುವೆ ಮನೆಗಳಲ್ಲಿ ಅಡುಗೆ ಮಾಡುವುದು ಅವನ ಕಸುಬು. ಅವನ ಸಾರಿಗೆ ಹೆಸರಿತ್ತು. ಅನ್ನ ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದವರು ಸಾರು ಬಂದಾಗ ಕೈ ತೆಗೆಯುತ್ತಿದ್ದರು. ಅದೇ ಊರಿನಲ್ಲಿ ಒಬ್ಬ ಸಂಪಾದಕನಿದ್ದ. ಅವನದು ನಾಲ್ಕು ಪುಟದ ಸಂಜೆ ಪತ್ರಿಕೆ. ಬರೆಯುವವನೂ ಅವನೇ, ಅಚ್ಚು ಹಾಕುವವನೂ ಅವನೇ. ಕೆಟ್ಟವನಲ್ಲ.

ಒಂದು ಮದುವೆಯಲ್ಲಿ ಬೀಗರ ಕಡೆಯವನೊಬ್ಬನ ಎಲೆಗೆ ಸಾರಿನ ಜೊತೆ ಒಂದು ಬ್ಯಾಡಗಿ ಮೆಣಸಿನಕಾಯಿ ಬಿತ್ತು. ಒಗ್ಗರಣೆಯಲ್ಲಿ ಕಪ್ಪಾಗಿ ಸುಕ್ಕುಗಟ್ಟಿತ್ತು. ತೊಟ್ಟು ಬಾಲದ ಹಾಗೆ ಚಾಚಿಕೊಂಡಿತ್ತು. ಅವನು ಹಲ್ಲಿ ಎಂದು ಕೂಗಿದ. ಪಕ್ಕದವನು ಅದನ್ನು ಎತ್ತಿ ನೋಡಿದ, ಮೆಣಸಿನಕಾಯಿ ಎಂದ, ಬಾಯಿಗೆ ಹಾಕಿಕೊಂಡ. ವಿಷಯ ಅಲ್ಲಿಗೆ ಮುಗಿಯಿತು. ಕೂಗು ಮಾತ್ರ ಪತ್ರಿಕೆಯ ಕಚೇರಿಯನ್ನು ತಲುಪಿತು.

ಆ ದಿನ ಮಂತ್ರಿಯೊಬ್ಬರು ಊರಿಗೆ ಬರುವವರಿದ್ದರು, ಬರಲಿಲ್ಲ. ಅವರಿಗೆಂದು ಬಿಟ್ಟಿದ್ದ ಜಾಗ ಮೊದಲ ಪುಟದಲ್ಲಿ ಹಾಗೇ ಉಳಿದಿತ್ತು. ಸಂಪಾದಕ ಅಲ್ಲಿ ಹಲ್ಲಿಯನ್ನು ಕೂರಿಸಿದ. 'ಮದುವೆ ಸಾರಿನಲ್ಲಿ ಹಲ್ಲಿ: ಬೀಗರು ಕಂಗಾಲು!'

ಮದುವೆಯಲ್ಲಿ ಉಂಡವರಿಗೆ ಏನೂ ಆಗಿರಲಿಲ್ಲ. ಪತ್ರಿಕೆ ಓದಿದ ಮೇಲೆ ನಾಲ್ವರು ವಾಂತಿ ಮಾಡಿಕೊಂಡರು. ಮರುದಿನ ಅದೂ ಸುದ್ದಿಯಾಯಿತು.

ಅಡುಗೆಯವನು ಮೆಣಸಿನಕಾಯಿ ತಿಂದವನನ್ನೇ ಕರೆದುಕೊಂಡು ಕಚೇರಿಗೆ ಹೋದ. ಸಂಪಾದಕ ಎಲ್ಲವನ್ನೂ ಕೇಳಿಸಿಕೊಂಡ, ನೊಂದುಕೊಂಡ, ತಿದ್ದುಪಡಿ ಹಾಕುತ್ತೇನೆಂದ. ಹಾಕಿದ. ಕೊನೆಯ ಪುಟದಲ್ಲಿ, ದನದ ಸಂತೆಯ ಧಾರಣೆಯ ಕೆಳಗೆ. 'ಮೊನ್ನೆಯ ಮದುವೆಯ ಸಾರಿನಲ್ಲಿ ಸಿಕ್ಕಿದ್ದು ಹಲ್ಲಿಯಲ್ಲ ಎಂದು ಸ್ಪಷ್ಟಪಡಿಸಲಾಗಿದೆ.' ಜಾಗ ಅಷ್ಟೇ ಇತ್ತು. ಮೆಣಸಿನಕಾಯಿ ಅದರಲ್ಲಿ ಹಿಡಿಸಲಿಲ್ಲ.

ಮೊದಲ ಸುದ್ದಿ ಓದಿರದವರೂ ಇದನ್ನು ಓದಿದರು. ಹಲ್ಲಿಯಲ್ಲದಿದ್ದರೆ ಮತ್ತೇನು ಎಂದು ಒಬ್ಬರನ್ನೊಬ್ಬರು ಕೇಳಿದರು. ಕೆಲವರು ಚೇಳು ಎಂದರು. ಹೆಚ್ಚು ತಿಳಿದವರು ಹಾವಿನ ಮರಿ ಎಂದರು.

ಅಡುಗೆಯವನು ಮತ್ತೆ ಕಚೇರಿಗೆ ಹೋದ.

"ಸ್ವಾಮಿ, ಆ ಹಲ್ಲಿಯನ್ನೇ ವಾಪಸು ಹಾಕಿಬಿಡಿ. ಹಲ್ಲಿ ಇದ್ದಾಗ ಒಂದಿಬ್ಬರಾದರೂ ಅಡುಗೆಗೆ ಕರೀತಿದ್ದರು."

"ಛೆ ಛೆ, ಎಂಥ ಮಾತು ಭಟ್ರೇ! ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹಾಕೋದೇ? ಪತ್ರಿಕೆ ಅಂದಮೇಲೆ ಒಂದು ನಿಯತ್ತು ಬೇಡವೇ? ನಾಲ್ಕು ದಿನ ತಡ್ಕೊಳ್ಳಿ. ಇದನ್ನೆಲ್ಲ ಯಾರು ನೆನಪಿಟ್ಕೋತಾರೆ?"

ಅಡುಗೆಯವನು ತಡೆದುಕೊಂಡ. ಒಗ್ಗರಣೆಗೆ ಇಡೀ ಮೆಣಸಿನಕಾಯಿ ಹಾಕುವುದನ್ನು ಬಿಟ್ಟು ಪುಡಿ ಹಾಕತೊಡಗಿದ. ಈಗ ಪುಡಿ ಮಾಡಿ ಹಾಕುತ್ತಾನಂತೆ, ಏನು ಬಿದ್ದರೂ ಗೊತ್ತೇ ಆಗುವುದಿಲ್ಲ ಎಂದು ಜನ ಆಡಿಕೊಂಡರು. ಅವನು ಬೇರೆ ಊರುಗಳಿಗೆ ಹೋಗಿ ಅಡುಗೆ ಮಾಡಿದ. ವರ್ಷಗಳು ಕಳೆದವು. ಸಂಪಾದಕ ಹೇಳಿದ್ದೇ ನಿಜವಾಯಿತು. ಹಲ್ಲಿಯನ್ನು ಊರು ಮರೆಯಿತು, ಚೇಳನ್ನು ಮರೆಯಿತು, ಹಾವಿನ ಮರಿಯನ್ನೂ ಮರೆಯಿತು. ಅಡುಗೆಯವನನ್ನು ಮತ್ತೆ ಕರೆಯತೊಡಗಿದರು.

ನೋಡುವುದನ್ನು ಮಾತ್ರ ಯಾರೂ ಮರೆಯಲಿಲ್ಲ.

ಆ ಊರಿನಲ್ಲಿ ಸಾರನ್ನು ಅನ್ನದ ಮೇಲೆ ಬಡಿಸುವುದು ನಿಂತುಹೋಗಿತ್ತು. ದೊನ್ನೆಯಲ್ಲಿ ಕೊಡುತ್ತಿದ್ದರು. ಉಣ್ಣುವವರು ದೊನ್ನೆಯನ್ನು ಬೆಳಕಿಗೆ ಹಿಡಿದು, ಬಗ್ಗಿ ನೋಡಿ, ಬೆರಳಿನಿಂದ ಒಮ್ಮೆ ತಿರುವಿ, ಆಮೇಲೆ ಅನ್ನಕ್ಕೆ ಸುರಿದುಕೊಳ್ಳುತ್ತಿದ್ದರು. ಯಾಕೆಂದು ಮಕ್ಕಳು ಕೇಳಿದರೆ, ನಮ್ಮೂರ ಪದ್ಧತಿ ಎನ್ನುತ್ತಿದ್ದರು. ಒಬ್ಬ ಪುರೋಹಿತರು ಇದಕ್ಕೆ ಅರ್ಥವನ್ನೂ ಹುಡುಕಿಕೊಟ್ಟರು. ಸಾರಿನಲ್ಲಿ ತಮ್ಮ ಮುಖ ಕಂಡ ವಧೂವರರಿಗೆ ದೀರ್ಘಾಯುಸ್ಸಂತೆ. ಅಂದಿನಿಂದ ಮೊದಲ ದೊನ್ನೆಯನ್ನು ಮದುಮಕ್ಕಳ ಮುಂದೆ ಇಡುವುದು ರೂಢಿಯಾಯಿತು. ಅದಕ್ಕೆ ಸಾರು ನೋಡುವ ಶಾಸ್ತ್ರ ಎಂದು ಹೆಸರಾಯಿತು. ಹೆಂಗಸರು ಅದಕ್ಕೊಂದು ಹಾಡು ಕಟ್ಟಿದರು. ಪಕ್ಕದ ಊರಿನವರು, ನಮ್ಮಲ್ಲಿ ಇದೆಲ್ಲ ಬಿಟ್ಟುಹೋಗಿದೆ ನೋಡಿ ಎಂದು ನಾಚಿಕೊಂಡು, ತಾವೂ ಶುರು ಮಾಡಿದರು.

ಅಡುಗೆಯವನು ಒಲೆಯ ಬಳಿ ನಿಂತು ಪಂಕ್ತಿಯನ್ನು ನೋಡುತ್ತಿದ್ದ. ಸಾರು ಹೋದ ಕಡೆಯೆಲ್ಲ ತಲೆಗಳು ಬಗ್ಗುತ್ತಿದ್ದವು. ಅದು ಪೂಜೆಯ ಹಾಗೆ ಕಾಣುತ್ತಿತ್ತು. ಅದು ಏನೆಂದು ಅವನಿಗೆ ಗೊತ್ತಿತ್ತು. ವಯಸ್ಸಾಗಿತ್ತು. ಸಾಯುವುದರೊಳಗೆ ಈ ಊರಿನ ಒಬ್ಬನೇ ಒಬ್ಬ ತನ್ನ ಸಾರನ್ನು ನೋಡದೆ ಉಂಡರೆ ಸಾಕು ಎಂದು ಅವನ ಆಸೆ.

ಸಂಪಾದಕನ ಮಗಳಿಗೆ ಮದುವೆ ಗೊತ್ತಾಯಿತು. ಸಂಪಾದಕ ಅಡುಗೆಯವನ ಮನೆಗೇ ಬಂದು ವೀಳ್ಯ ಕೊಟ್ಟ.

"ನನಗೆ ನಿಮ್ಮಿಂದ ಬೇರೇನೂ ಬೇಡ" ಎಂದ ಅಡುಗೆಯವನು. "ಆ ಶಾಸ್ತ್ರ ಒಂದು ಬೇಡ ಅನ್ನಿ. ಎಲ್ಲರ ಎದುರಿಗೆ ನೀವೇ ನೋಡದೆ ಉಣ್ಣಿ."

"ಅಯ್ಯೋ, ಅದಕ್ಕೇನು ಭಟ್ರೇ! ಅದು ಸುಳ್ಳು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬರೆದವನೇ ನಾನಲ್ಲವೇ?"

ಮದುವೆಯ ದಿನ ಸಂಪಾದಕ ಮೊದಲ ಪಂಕ್ತಿಯ ನಡುವೆ ಕುಳಿತ. ಸಾರು ಬರುವ ಹೊತ್ತಿಗೆ ಎದ್ದು ನಿಂತು ಎಲ್ಲವನ್ನೂ ಹೇಳಿದ. ಮಂತ್ರಿ ಬಾರದೆ ಹೋದದ್ದು, ಜಾಗ ಉಳಿದದ್ದು, ಮೆಣಸಿನಕಾಯಿ, ಎಲ್ಲ. ಜನ ನಕ್ಕರು. ಹೆಂಗಸರ ಸಾಲಿನಿಂದ ಒಬ್ಬ ಅಜ್ಜಿ, "ಹಾಗಾದರೆ ಆ ಹಾಡು ಏನು ಮಾಡೋದಪ್ಪ?" ಎಂದು ಕೇಳಿದಳು. ಇನ್ನಷ್ಟು ನಕ್ಕರು. ಸಂಪಾದಕ ಕುಳಿತ.

ಅಡುಗೆಯವನು ತಾನೇ ಸೌಟು ಹಿಡಿದು ಬಂದು ದೊನ್ನೆ ತುಂಬಿದ. ಪಂಕ್ತಿಯೆಲ್ಲ ಅತ್ತ ತಿರುಗಿತು. ಸಂಪಾದಕ ತಲೆಯನ್ನು ನೆಟ್ಟಗೆ ಇಟ್ಟುಕೊಂಡು ದೊನ್ನೆಯನ್ನು ಎತ್ತಿದ. ತುಟಿಯ ಹತ್ತಿರ ತಂದ. ಅಲ್ಲಿ ಅವನ ಕಣ್ಣು ಒಮ್ಮೆ ಕೆಳಗೆ ಹೋಗಿ ಬಂತು. ಆಮೇಲೆ ಕುಡಿದ.

ಜನ ಚಪ್ಪಾಳೆ ತಟ್ಟಿದರು. ಅವರು ದೂರದಲ್ಲಿದ್ದರು. ಅಡುಗೆಯವನು ಹತ್ತಿರದಲ್ಲಿದ್ದ.

"ಇನ್ನು ಸ್ವಲ್ಪ ಹಾಕಲೇ?" ಎಂದು ಅವನು ಕೇಳಿದ.

ಸಂಪಾದಕ ದೊನ್ನೆ ಚಾಚಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಿಟ್ಟು ಬಂದಿತ್ತು. "ಸುಳ್ಳು ಕಟ್ಟಿದವನೇ ನೋಡುವುದೆಂದರೇನು ಗುರುಗಳೇ? ಅವನ ಜಾಗದಲ್ಲಿ ನಾನಿದ್ದರೆ ಖಂಡಿತ ನೋಡುತ್ತಿರಲಿಲ್ಲ" ಎಂದ.

"ಊಟದ ಹೊತ್ತಾಯಿತು, ಹೋಗಿ ಸಾರು ಉಂಡು ಬಂದು ಹೇಳು" ಎಂದರು ಗುರುಗಳು.